ಸರಸಿಯನ್ನು ಕೂಗಿದ್ದು

ತಂಗಿ ಹನುಮಂತಮ್ಮ, ನೀನು ತೀರಿಹೋಗಿ ವರ್ಷವಾದರೂ ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಇವತ್ತು ನಿನ್ನ ಮಗಳು ಸರಸಿ, ಗಂಡ ಮತ್ತು ಇಬ್ಬರು ಪುಟ್ಟ ಮಕ್ಕಳ ಸಮೇತ, ತಿಪ್ಪಸಂದ್ರ ಬಿಟ್ಟು ದೂರದ ಕಲಬುರಗಿಗೆ ಹೊರಟಳು. ಮನೆ ಬಿಡುವಾಗ ಕೂಗಿ ಕರೆಯದಿದ್ದರೆ ಮಕ್ಕಳ ಜೀವ ಹಳೇ ಮನೆಯಲ್ಲೇ ಉಳಿದುಬಿಡುತ್ತದಲ್ಲ, ಅದಕ್ಕೇ ನಾನು ಲಾರಿಯ ಪಕ್ಕ ನಿಂತು, ಮನೆಯತ್ತ ಮುಖ ಮಾಡಿ, "ಬಂದ್ಯಾ?" ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದೆ. ದೊಡ್ಡವನು "ಬಂದೆ" ಎಂದ. ಚಿಕ್ಕವಳು, "ಇಲ್ಲೇ ಇವ್ನಿ ಕಣಜ್ಜಿ, ನಿಂಗೆ ಕಣ್ ಕಾಣಾಕಿಲ್ವಾ?" ಎಂದಳು.

ಸರಸಿ ಮಾತ್ರ ಲಾರಿ ಹತ್ತದೆ ನಿಂತಳು. "ದೊಡ್ಡವ್ವ, ನನ್ನೂ ಒಸಿ ಕೂಗು."

ಅವಳನ್ನು ಕೂಗಬೇಕಾದವಳು ನೀನು. ನಮ್ಮಿಬ್ಬರ ದನಿ ಒಂದೇ ಎನ್ನುತ್ತಿದ್ದರಲ್ಲ, ಆ ಧೈರ್ಯದ ಮೇಲೆ ಕೂಗಿದೆ: "ಸರಸೀ, ಬಂದ್ಯಾ ಮಗಾ?"

ಅವಳು ನನ್ನ ಕಡೆ ತಿರುಗಲಿಲ್ಲ. ಮನೆಯ ಬಾಗಿಲನ್ನೇ ನೋಡುತ್ತಾ, "ಬಂದೆ ಕಣವ್ವ" ಎಂದಳು.