ಯಾವಾಗ ಹೋಗ್ತೀವ್ವಾ?

ಸದಲಗಾ
22 ಜುಲೈ 1989

ಪ್ರೀತಿಯ ಸುಗಂಧಕ್ಕನಿಗೆ,

ಇಲ್ಲಿ ಎಲ್ಲರೂ ಆರಾಮ ಇದ್ದೇವೆ, ಪಂಚಮಿಗೆ ಕರೆಯಲು ಅಣ್ಣ ಬರುತ್ತಾನೆ, ನಾಲ್ಕು ದಿನ ಇದ್ದು ಹೋಗು ಎಂದು ಬರೆಯಲು ಅವ್ವ ಹೇಳಿದ್ದಾಳೆ. ಬರೆದೆ. ಅವಳ ಮಾತು ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ನನ್ನದು. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಪತ್ರ ಹೋದ ವಾರ ಅಥಣಿಯಿಂದ ಬಂತು. ಮಹಿಳಾ ಮಂಡಳದ ಮೇಲೆ ಸಿಟ್ಟಿಲ್ಲ, ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದ್ದೀ. ಅಂದಿನ ಸಭೆಯಲ್ಲಿ ಮದಿನಾಬಿ ಚಾಚಿಯನ್ನು ಬಿಟ್ಟರೆ ಅವ್ವ ಒಬ್ಬಳೇ ನಿನ್ನ ಕಡೆ ಇದ್ದಳು ಎಂದೂ ಬರೆದಿದ್ದೀ. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟಿನ ಮಾತು, ಏಕೆಂದರೆ ನಿನಗೆ ಬಾರದ ಸಿಟ್ಟು ನನಗೆ ಬಂದಿದೆ.

ನಿಯಮವೇ ತಪ್ಪು ಎಂದು ನಾನು ಅನ್ನುವುದಿಲ್ಲ. ಎಲ್ಲರೂ ‘ಬಾಯಿ’ ಎಂದು ಕರೆಯುವ ನಿಪ್ಪಾಣಿಯ ಆ ಹೆಂಗಸು ಜೀಪಿನಲ್ಲಿ ಬಂದು ನಮ್ಮ ಮಂಡಳದ ಸದಸ್ಯಳಾಗಿ, ನಮಗೆ ಬಂದ ಹೊಲಿಗೆ ಮಶೀನುಗಳನ್ನು ತನ್ನ ಊರಿಗೆ ಒಯ್ದಾಗ ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ನಾನೇ. ಅದಕ್ಕೇ ಅಧ್ಯಕ್ಷೆ ಗಂಗೂಬಾಯಿ ಕಾಕು ಎದ್ದು ನಿಂತು, ಇನ್ನು ಮೇಲೆ ಊರಿನ ರಹವಾಸಿಗಳಿಗೆ, ಅಂದರೆ ಇಲ್ಲೇ ವಾಸ ಇರುವವರಿಗೆ ಮಾತ್ರ ಸದಸ್ಯತ್ವ ಎಂದಾಗ ನನಗೆ ಖುಷಿಯಾಗಿತ್ತು. ಚಹಾದ ಕಿಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬೇಲಿ ಹೊರಗಿನವರಿಗೆ ಎಂದುಕೊಂಡಿದ್ದೆ. ಕಾಕು ನಿನ್ನ ಕಡೆ ತಿರುಗುವವರೆಗೆ.

ಮದುವೆಗೆ ಮೊದಲು ಮದಿನಾಬಿ ಚಾಚಿಯ ಅಂಗಳದಲ್ಲಿ ಬೀಡಿ ಕಟ್ಟುವವರ ಮಕ್ಕಳನ್ನು ಕೂಡಿಸಿಕೊಂಡು ಬಾಲವಾಡಿ ಶುರು ಮಾಡಿದವಳು ನೀನು. ಮಂಡಳ ಹುಟ್ಟಿದ್ದೇ ಅದರಿಂದ. ದೀಪಾವಳಿಗೆ ನೀನು ಎಡಗಿವಿಗೆ ಅರಿವೆ ಕಟ್ಟಿಕೊಂಡು ಗಂಡನ ಮನೆ ಬಿಟ್ಟು ಬಂದ ಮೇಲೆ ಮತ್ತೆ ಅದೇ ಮಕ್ಕಳ ಮುಂದೆ ಕುಳಿತೆ. ಬಾಲವಾಡಿಗೆ ಪಗಾರದ ಮೇಲೆ ಕಲಿಸುವ ಅಕ್ಕೋರನ್ನು ನೇಮಿಸಲು ಚಿಕ್ಕೋಡಿಯಿಂದ ಆದೇಶ ಬರುವುದಿತ್ತು. ಆದರೆ ಅವಳು ಮಂಡಳದ ಸದಸ್ಯಳೇ ಆಗಿರಬೇಕಿತ್ತು. ಆ ಕೆಲಸ ಸಿಕ್ಕಿದ್ದರೆ ನೀನು ಒಂದು ಖೋಲಿ ಹಿಡಿದು ಇರುತ್ತಿದ್ದೆ. ಆ ಮನೆಗೆ ತಿರುಗಿ ಹೋಗುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಕಾಕು ನಿನ್ನನ್ನು ವಿರೋಧಿಸಲೇ ಇಲ್ಲ. ಗಿರಣಿಯಲ್ಲಿ, ಬಸದಿಯಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು.

“ಸುಗಂಧಾ, ಮತ್ತ ಯಾವಾಗ ಹೋಗ್ತೀವ್ವಾ?”

ನೀನು ತಲೆ ಬಗ್ಗಿಸಿ ಹೇಳಿದೆ, “ಯುಗಾದಿ ಮುಗಿಸ್ಕೊಂಡು ಹೋಗ್ತೀನ್ರಿ ಕಾಕು.”

ತವರಿಗೆ, ಮಾಹೇರಕ್ಕೆ ಬಂದ ಮಗಳನ್ನು ನಮ್ಮಲ್ಲಿ ಎಲ್ಲರೂ ಹೀಗೆಯೇ ಕೇಳುತ್ತಾರೆ. ಚಹಾ ಆಯಿತೇ ಎಂದು ಕೇಳಿದ ಹಾಗೆ. ಎಂದೂ ಹೋಗಲಾರದವಳೂ ಮುಂದಿನ ಹಬ್ಬದ ಹೆಸರು ಹೇಳಿ ಮರ್ಯಾದೆ ಉಳಿಸಿಕೊಳ್ಳಬೇಕು. ದೀಪಾವಳಿಗೆ ಬಂದ ನೀನು ಸಂಕ್ರಾಂತಿ ಅಂದೆ, ಸಂಕ್ರಾಂತಿಗೆ ಹೋಳಿ ಅಂದೆ. ಕೇಳಿದವರೂ ನಂಬಿರಲಿಲ್ಲ, ನೀನೂ ನಂಬಿರಲಿಲ್ಲ. ಅಂದು ಮಾತ್ರ ಕಾಕು ನಂಬಿದಳು. “ಕೇಳಿದ್ರೆಲ್ಲಾ? ಆಕಿನ ಹೇಳಾಕತ್ತಾಳ. ಮಾಹೇರಕ್ಕ ಬಂದಾಕಿ ರಹವಾಸಿ ಹೆಂಗ ಆಗ್ತಾಳ್ರಿ?”

ನಾನು ಬಾಗಿಲಿನಿಂದಲೇ ಅಂದೆ, ಆಕಿ ಹೋಗೂದಿಲ್ಲ, ಸುಳ್ಳ ಹೇಳಾಕತ್ತಾಳ ಎಂದು. ಸದಸ್ಯಳಲ್ಲದವಳಿಗೆ ಇಲ್ಲಿ ಮಾತಿಲ್ಲ, ಚಹಾ ಕೊಡು ಎಂದರು. ನೀನೂ ಕಣ್ಣಿನಲ್ಲೇ ನನ್ನ ಬಾಯಿ ಮುಚ್ಚಿಸಿದೆ. ಅಕ್ಕಾ, ಅದೊಂದನ್ನು ನಾನು ಇನ್ನೂ ಕ್ಷಮಿಸಿಲ್ಲ. ‘ಹೋಗುವುದಿಲ್ಲ’ ಎಂಬ ಒಂದು ಮಾತು ನಿನ್ನ ಬಾಯಿಂದ ಬರಬೇಕಿತ್ತು.

ಎದ್ದವಳು ಮದಿನಾಬಿ ಚಾಚಿ. “ಇಲ್ಲಿ ಕುಂತಾವ್ರು ಒಬ್ಬರಾದ್ರೂ ಈ ಊರಾಗ ಹುಟ್ಟೀರೇನ? ಎಲ್ಲಾರೂ ಲಗ್ನಾ ಆಗಿ ಬಂದಾವ್ರು. ಹುಟ್ಟಿದಾಕಿ ಆಕಿ ಒಬ್ಬಾಕಿ, ಆಕೀನ್ನ ಹೊರಗ ಹಾಕಾಕತ್ತೀರಿ.”

ಎಲ್ಲರೂ ನಕ್ಕರು. ನಮ್ಮ ವೈನಿಯೂ ನಕ್ಕಳು. ಅಣ್ಣನನ್ನು ಮದುವೆಯಾಗಿ ಕುರುಂದವಾಡದಿಂದ ಬಂದು ಅವಳಿಗೆ ಇನ್ನೂ ವರ್ಷ ತುಂಬಿಲ್ಲ, ಬೇಕು ಅನ್ನಲು ಈಗಲೂ ಮರಾಠಿಯಲ್ಲಿ ‘ಪಾಹಿಜೆ’ ಅನ್ನುತ್ತಾಳೆ. ಅವಳು ರಹವಾಸಿ. ನಿನ್ನನ್ನು ಹೊರಗಿಡುವ ನಿಯಮಕ್ಕೆ ಕೈಗಳು ಮೇಲೆದ್ದವು. ಯುಗಾದಿ ಮುಗಿಯಿತು. ಊರೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದೆಯಲ್ಲ, ಅಣ್ಣ ನಿನ್ನನ್ನು ಅಥಣಿಯ ಬಸ್ಸಿಗೆ ಹತ್ತಿಸಿಕೊಂಡು ಹೋದ.

ನಿಯಮ ಎಲ್ಲರಿಗೂ ಒಂದೇ ಅಂದೆಯಲ್ಲ, ಕೇಳು. ನಿಪ್ಪಾಣಿಯ ಬಾಯಿ ಗಂಗೂಬಾಯಿ ಕಾಕುವಿನ ಹಿತ್ತಲಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದಾಳೆ. ಒಳಗೆ ಒಂದು ಚಾಪೆಯೂ ಇಲ್ಲ. ಹೊರಗೆ ದೊಡ್ಡ ಬೀಗವಿದೆ. ಆ ಬೀಗವೀಗ ಈ ಊರಿನ ರಹವಾಸಿ. ಬಾಲವಾಡಿಯ ಕೆಲಸ ಅವಳ ಸೊಸೆಗೆ ಸಿಕ್ಕಿದೆ, ಅದೇ ಖೋಲಿಯ ಲೆಕ್ಕದಲ್ಲಿ. ಅವಳು ನಿಪ್ಪಾಣಿಯ ಬಸ್ಸು ಬಂದಾಗ ಬರುತ್ತಾಳೆ, ಅಲ್ಲಿಯವರೆಗೆ ಮಕ್ಕಳು ಕಟ್ಟೆಯ ಮೇಲೆ ಕೂತಿರುತ್ತವೆ. ಚಾಚಿ ಅವುಗಳ ಮೂಗು ಒರೆಸುತ್ತಾಳೆ.

ಪಂಚಮಿಗೆ ಬಾ. ಬಸ್ಸಿಳಿದ ಕೂಡಲೇ ಯಾರಾದರೂ ಕೇಳುತ್ತಾರೆ, ಯಾವಾಗ ಹೋಗ್ತಿ ಎಂದು. ಈ ಸಲ ಹಬ್ಬದ ಹೆಸರು ಹೇಳಬೇಡ. ಹೋಗುವುದಿಲ್ಲ ಅನ್ನು. ಮಂಡಳ ನಿನ್ನನ್ನು ಸೇರಿಸಿಕೊಳ್ಳುವುದಿಲ್ಲ, ಅದು ನನಗೆ ಗೊತ್ತು. ಆದರೆ ಚಾಚಿ ತನ್ನ ಪಡಸಾಲೆಯ ಒಂದು ಬದಿಯನ್ನು ನಿನಗಾಗಿ ಖಾಲಿ ಮಾಡಿದ್ದಾಳೆ. ನಮ್ಮ ಮನೆಗೆ ಬರಬೇಡ, ನೇರ ಅಲ್ಲಿಗೆ ಹೋಗು. ಯಾಕೆ ಎಂದು ಕೆಳಗೆ ಬರೆದಿದ್ದೇನೆ.

ಕಿವಿಗೆ ಈಗಲಾದರೂ ಕೇಳಿಸುತ್ತದೆಯೇ?

ನಿನ್ನ ತಂಗಿ, ಮದುವೆಯಾಗುವವರೆಗೆ ಮಾತ್ರ ಈ ಊರಿನವಳು,
ಮಂಗಲ

ತಾ.ಕ.: ಅವ್ವನ ಮಾತು. ಆ ಸಭೆಗೆ ಮುಂಚೆ ಕಾಗವಾಡದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಹಿರಿಯ ಮಗಳು ಯಾಕೆ ಮನೆಯಲ್ಲೇ ಇದ್ದಾಳೆ ಎಂದು ಕೇಳಿ ಕಳಿಸಿದ್ದರು. ಇದನ್ನು ನಿನಗೆ ಯಾರೂ ಹೇಳಲಿಲ್ಲ. ಅಂದು ಅವ್ವ ನಿನ್ನ ಬೆನ್ನ ಹಿಂದೆ ಕುಳಿತಿದ್ದಳು, ನಿನಗೆ ಕಾಣಲಿಲ್ಲ. ನಾನು ಬಾಗಿಲಲ್ಲಿದ್ದೆ. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಅವಳ ಕೈ. ನೀನು ತಿರುಗಿ ನೋಡಿದಾಗ ಅವಳು ಕಣ್ಣೊರೆಸಿಕೊಳ್ಳುತ್ತಿದ್ದದ್ದು ನಿಜ. ಅದೇ ಕೈಯಿಂದ.