ರಕ್ಷಾಳ ಕೈಯಲ್ಲಿಲ್ಲದ ಎಳೆ

ಬಸವೇಶ್ವರನಗರ
9 ಮಾರ್ಚ್ 2025

ಪ್ರೀತಿಯ ಕುಸುಮಾ,

ನೀನು, ಮಕ್ಕಳು ಎಲ್ಲರೂ ಆರಾಮವಾಗಿದ್ದೀರೆಂದುಕೊಂಡಿದ್ದೇನೆ. ಮಗಳಿಗೆ ನೀನೇ ನೋಡಿಕೊಟ್ಟ ಸಂಬಂಧ, ಏನಾಯಿತೆಂದು ಆವತ್ತೇ ತಿಳಿಸಬೇಕಿತ್ತು. ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ರಕ್ಷಾ ಪಕ್ಕದ ಕೋಣೆಯಲ್ಲೇ ಇರುತ್ತಾಳೆ.

ಸಂಬಂಧ ಮುರಿದುಬಿತ್ತು ಕಣೇ. ಮುರಿದದ್ದು ನಿನ್ನ ಭಾವನ ಬಾಯಿಂದ.

ಹುಡುಗ ಚನ್ನವೀರೇಶ್, ಅವನ ತಾಯಿ ಇಬ್ಬರೂ ರಾಜರಾಜೇಶ್ವರಿನಗರದಿಂದ ಹೆಣ್ಣು ನೋಡಲು ಬಂದರು. ಹುಡುಗ ಉಪ್ಪಿಟ್ಟು ಮುಟ್ಟಲಿಲ್ಲ. “ಬುದ್ಧಿಹಲ್ಲು ನೋಯ್ತಾ ಇದೆ ಆಂಟಿ” ಅಂದ. ಅಷ್ಟು ಸಾಕಾಯಿತು ಇವರಿಗೆ. ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವರು, ಕೇಳುವ ಕಿವಿ ಸಿಕ್ಕರೆ ಬಿಡುತ್ತಾರೆಯೇ?

“ಅದು ಹಳೇ ಕಾಲದ ಉಳಿಕೆ ಕಣಪ್ಪ. ನಮ್ಮ ಪೂರ್ವಜರ ದವಡೆ ದೊಡ್ಡದಿತ್ತು. ದವಡೆ ಚಿಕ್ಕದಾಯ್ತು, ಹಲ್ಲು ಮಾತ್ರ ಉಳ್ಕೊಂಡ್ತು. ಜೀವವಿಕಾಸಕ್ಕೆ ಇನ್ನೇನು ಸಾಕ್ಷಿ ಬೇಕು?” ಎಂದರು. ಹುಡುಗನ ತಾಯಿಗೆ, “ನೀವು ಈಗ ಕೂತಿರೋದೇ ಬಾಲದ ಮೂಳೆ ಮೇಲೆ” ಎಂದರು! ಆಕೆ ಸೋಫಾದಲ್ಲಿ ಸರಿದು ಕೂತರು. ನಾನು ಕಣ್ಸನ್ನೆ ಮಾಡಿದೆ, ಇವರಿಗೆಲ್ಲಿ ಕಾಣಬೇಕು?

ಕೊನೆಗೆ ರಕ್ಷಾಳನ್ನೇ ಕರೆದು, ಹೆಬ್ಬೆರಳು ಕಿರುಬೆರಳು ಜೋಡಿಸಿ ಕೈ ಬಗ್ಗಿಸಲು ಹೇಳಿದರು. ಹಾಗೆ ಮಾಡಿದರೆ ಹೆಚ್ಚಿನವರಿಗೆ ಮಣಿಕಟ್ಟಿನ ನಡುವೆ ದಾರದಂಥ ಎಳೆಯೊಂದು ಎದ್ದು ಕಾಣುತ್ತದೆ. “ಮರ ಹತ್ತೋ ಕಾಲದ್ದು ಅದು. ನಮ್ಮ ರಕ್ಷಾಗೆ ಇಲ್ವೇ ಇಲ್ಲ ನೋಡಿ!” ಎಂದು ಮೆಡಲ್ ಬಂದವರ ಹಾಗೆ ಬೀಗಿದರು.

ಮರುದಿನ ನಡುವೆ ನಿಂತು ಮಾತಾಡಿದ್ದ ಭರಮಪ್ಪನವರ ಫೋನು. “ಹುಡುಗಿ ಕೈಯಲ್ಲಿ ಏನೋ ಊನ ಇದೆಯಂತಲ್ಲಮ್ಮ, ಮೊದ್ಲೇ ಹೇಳ್ಬಾರ್ದಿತ್ತಾ? ನಾಳೆ ಮಕ್ಕಳಿಗೂ ಬಂದ್ರೆ ಅಂತಿದಾರೆ ಹುಡುಗನ ತಾಯಿ.” ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿಡುವ ಹುಡುಗಿಗೆ ಊನವಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಇವರೋ, “ಅದು ಇಲ್ದಿದ್ರೆ ಏನೂ ಆಗಲ್ಲ, ನಾನೇ ಹೋಗಿ ಅರ್ಥ ಮಾಡಿಸ್ತೀನಿ. ನಾನು ಹೇಳಿದ್ರಲ್ಲಿ ತಪ್ಪೇನಿದೆ?” ಎನ್ನುತ್ತಾ ಕೈಯ ಚಿತ್ರ ಬರೆಯುತ್ತಾ ಕೂತಿದ್ದಾರೆ. ತಪ್ಪೇನೂ ಇಲ್ಲ. ಅದೇ ನನ್ನ ಕರ್ಮ. ತಪ್ಪಿದ್ದಿದ್ದರೆ ಕ್ಷಮೆಯಾದರೂ ಕೇಳಿಸುತ್ತಿದ್ದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಬಸವಣ್ಣ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಜಯದೇವಿ

ತಾ.ಕ.: ಇದನ್ನು ನಿನ್ನ ಭಾವನಿಗೂ ಹೇಳಿಲ್ಲ. ಆವತ್ತು ಇಬ್ಬರೇ ಮಾತಾಡಲೆಂದು ಟೆರೇಸಿಗೆ ಕಳಿಸಿದಾಗ, ಆ ಹುಡುಗನೂ ಬೆರಳು ಜೋಡಿಸಿ ನೋಡಿಕೊಂಡನಂತೆ. ಅವನಿಗೂ ಇಲ್ಲ! ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ. ನಿನ್ನೆ ರಕ್ಷಾ ಹೇಳಿದಳು. “ಅವ್ರಮ್ಮಂಗೆ ಒಂದ್ಸಲ ಕೈ ತೋರ್ಸಿದ್ರೆ ಮುಗೀತಿತ್ತು, ಅಲ್ವೇನಮ್ಮ?” ಎಂದು ಕೇಳಿದಳು. ಅವನು ತೋರಿಸಿಲ್ಲ ಕುಸುಮಾ. ಇವಳು ಮಾತ್ರ ಇನ್ನೂ ಅವನ ಫೋನಿಗೆ ಕಾಯುತ್ತಿದ್ದಾಳೆ.