ವಾದಿಯಲ್ಲಿ ಕೊನೆಯ ದೃಶ್ಯ

ಸೀಬ್
ಶುಕ್ರವಾರ, ಸಂಜೆ ಐದೂವರೆ

ಪ್ರೀತಿಯ ಸೌದ ಆಂಟಿ,

ಮೂರು ಸಲ ಬೆಲ್ ಒತ್ತಿದೆ. ನೀವು ಮತ್ರಾದ ಮದುವೆಯಲ್ಲಿದ್ದೀರಿ, ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಓದಿದ ಕೂಡಲೇ ನನ್ನ ಅಪ್ಪನಿಗೆ ಫೋನ್ ಮಾಡಿ. ಅವರು ಪೊಲೀಸರಿಗೆ ತಿಳಿಸಿ, ಕಾರು ತೆಗೆದುಕೊಂಡು ವಾದಿಯ ಕಡೆ, ಬೆಟ್ಟದಡಿಯ ಆ ಒಣಹೊಳೆಯ ಕಡೆ, ಹೊರಟಿದ್ದಾರೆ.

ನಮ್ಮ ಸ್ಕೂಲ್ ಸಿನಿಮಾದ ಕೊನೆಯ ದೃಶ್ಯ ತೆಗೆಯಲು ನಿಮ್ಮ ಸಿನಾನ್ ಟ್ಯಾಕ್ಸಿ ಹಿಡಿದು ಒಬ್ಬನೇ ಅಲ್ಲಿಗೆ ಹೋಗಿದ್ದಾನೆ. ಒಣಗಿದ ಹೊಳೆಯ ನಡುವೆ ಹುಡುಗ ಇಷ್ಟು ದಿನ ಹೇಳದ ಮಾತನ್ನು ಗೆಳತಿಗೆ ಹೇಳಬೇಕು. ಕತೆ ಬರೆದದ್ದು ನಾನು. ಆ ಮಾತನ್ನು ಮಾತ್ರ ಬರೆಯಬೇಡ, ನಾನೇ ಹೇಳುತ್ತೇನೆ ಎಂದಿದ್ದ. ಹುಡುಗನ ಪಾತ್ರ ಅವನದು, ಗೆಳತಿಯದು ನನ್ನದೇ. ಆ ಮಾತಿಗೆ ಹೆದರಿ, ಬೆಳಿಗ್ಗೆ ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಬೆಟ್ಟದಲ್ಲಿ ಮಳೆಯಾಗುತ್ತಿದೆ, ವಾದಿಗೆ ಇಳಿಯಬೇಡ ಎಂದು ಮಧ್ಯಾಹ್ನ ಫೋನಿನಲ್ಲಿ ಹೇಳಿದೆ. "ಇಲ್ಲಿ ಒಂದು ಮೋಡ ಇಲ್ಲ ಮಾರಾಯ್ತಿ. ನಾವು ಉಳ್ಳಾಲದವರು, ಮಳೆ ನಮಗೆಂತ ಹೊಸತಾ?" ಎಂದು ನಕ್ಕ. ಊರಿನ ಮಳೆ ತಲೆಯ ಮೇಲೆಯೇ ಬರುತ್ತದೆ. ಈ ಗಲ್ಫ್ ನಾಡಿನಲ್ಲಿ ಬಿಸಿಲಿರುವಾಗಲೇ ದೂರದ ಬೆಟ್ಟದ ನೀರು ವಾದಿಗೆ ನುಗ್ಗಿ ಬರುತ್ತದೆ.

ನಾಲ್ಕು ಗಂಟೆಗೆ ಒಂದು ವಿಡಿಯೋ ಕಳಿಸಿದ. "ಜ್ವರ ಬಿಟ್ರೆ ಬಾ. ನೀನು ಬರುವವರೆಗೆ ಇಲ್ಲಿಂದ ಏಳುದಿಲ್ಲ" ಎನ್ನುತ್ತಾನೆ. ಅವನ ಬೆನ್ನ ಹಿಂದೆ, ದೂರದಲ್ಲಿ, ಕೆಂಪು ನೀರಿನ ಗೆರೆ ಕಾಣುತ್ತದೆ. ಆಮೇಲೆ ಫೋನ್ ಸ್ವಿಚ್ ಆಫ್.

ಪೊಲೀಸರು ಕೇಳಿದರೆ ಹಳದಿ ಅಂಗಿ ಎನ್ನಿ. ದೂರದಿಂದಲೂ ಎದ್ದು ಕಾಣಲಿ ಎಂದು ನಾನೇ ಆರಿಸಿದ್ದು.

ಎರಡನೇ ಮಹಡಿಯ
ಶಾಂಭವಿ